ರಾಣಿಗೆ ಸಿಕ್ಕ ಲಿಫ್ಟ್ ಅತಿಥಿಗೂ ಸಿಕ್ಕೀತೇ?

ಮೆಟ್ಟಿಲು ಹತ್ತಲಾಗದ ಒಬ್ಬಳು ರಾಣಿಯ ಕಥೆ ಕೇಳಿ. ಆಕೆ ಬೇರೆ ಯಾರೂ ಅಲ್ಲ, ನಮ್ಮ ಮುತ್ತಜ್ಜಂದಿರ ಕಾಲದ ಬೆಳ್ಳಿ ರೂಪಾಯಿಯ ಮೇಲೆ ಮುಖವಿದ್ದ ವಿಕ್ಟೋರಿಯಾ ರಾಣಿ. ಇಂಗ್ಲೆಂಡಿನ ದಕ್ಷಿಣಕ್ಕೆ ಐಲ್ ಆಫ್ ವೈಟ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಆಕೆ ಮತ್ತು ಪತಿ ಆಲ್ಬರ್ಟ್ 1845ರಲ್ಲಿ ಒಂದು ಎಸ್ಟೇಟ್ ಕೊಂಡುಕೊಂಡರು. ಲಂಡನ್ನಿನ ಅರಮನೆಯ ಗದ್ದಲದಿಂದ ದೂರವಾಗಿ, ಮಕ್ಕಳೊಂದಿಗೆ ಬೇಸಿಗೆ ಕಳೆಯಲು ಹೊಸ ಮನೆ ಕಟ್ಟಿಸಿದರು. ಅದೇ ಆಸ್ಬೋರ್ನ್ ಹೌಸ್. 1851ರ ಹೊತ್ತಿಗೆ ಕಟ್ಟಡ ಪೂರ್ತಿಯಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆಲ್ಬರ್ಟ್ ತೀರಿಕೊಂಡ. ಆಮೇಲಿನ ನಲ್ವತ್ತು ವರ್ಷ ರಾಣಿ ವಿಧವೆಯಾಗಿಯೇ ಬಾಳಿದಳು.

1883ರಲ್ಲಿ ವಿಂಡ್ಸರ್ ಅರಮನೆಯ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ಮಂಡಿಗೆ ಪೆಟ್ಟಾಯಿತು. ಆ ಮಂಡಿ ಮತ್ತೆ ಮೊದಲಿನಂತಾಗಲಿಲ್ಲ. ಮೇಲೆ ಸಂಧಿವಾತ, ಸಾಲದ್ದಕ್ಕೆ ಕಣ್ಣಿನ ದೃಷ್ಟಿಯೂ ಮಂದವಾಗುತ್ತಾ ಬಂತು. ಕೊನೆಯ ವರ್ಷಗಳಲ್ಲಿ ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಬೇಕಾಗುತ್ತಿತ್ತು. ಆಸ್ಬೋರ್ನಿನಲ್ಲಿ ರಾಣಿಯ ಖಾಸಗಿ ಕೋಣೆಗಳಿದ್ದುದು ಮಹಡಿಯ ಮೇಲೆ. ಏನು ಮಾಡಿದರು ಗೊತ್ತೇ? ಮನೆಯೊಳಗೆ ಲಿಫ್ಟ್ ಹಾಕಿಸಿದರು. ಕಾಗದಪತ್ರಗಳನ್ನು ಆಕೆಗೆ ಕಾಣುವಂತೆ ದಪ್ಪ ಅಕ್ಷರದಲ್ಲಿ, ಕಡುಗಪ್ಪು ಶಾಯಿಯಲ್ಲಿ ಬರೆಯಲು ಕಾರ್ಯದರ್ಶಿಗಳು ಕಲಿತರು.

"ಇಷ್ಟು ಚೆಂದದ ಮನೆ, ಲಿಫ್ಟ್ ಹಾಕಿದರೆ ಅಂದ ಕೆಡುತ್ತದೆ" ಎಂದು ರಾಣಿಯನ್ನು ಯಾರೂ ತಡೆಯಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಳ್ಳಿ.

ಈ ಮನೆಗೂ ನಮಗೂ ಇನ್ನೊಂದು ನಂಟಿದೆ. 1887ರಲ್ಲಿ ಆಗ್ರಾದಿಂದ ಅಬ್ದುಲ್ ಕರೀಮ್ ಎಂಬ ಯುವಕ ರಾಣಿಯ ಸೇವೆಗೆಂದು ಇಂಗ್ಲೆಂಡಿಗೆ ಹೋದ. ಆಗ್ರಾದ ಜೈಲಿನಲ್ಲಿ ಗುಮಾಸ್ತನಾಗಿದ್ದವನು ಅಲ್ಲಿ ರಾಣಿಗೆ ಉರ್ದು ಕಲಿಸುವ ಮುನ್ಶಿಯಾದ. ಅಜ್ಜಿಯಾಗಿದ್ದ ರಾಣಿ ಹಟ ಹಿಡಿದು ಕಲಿತಳು, ಅಭ್ಯಾಸದ ಪುಸ್ತಕ ಹದಿಮೂರು ಸಂಪುಟಗಳಷ್ಟಾಯಿತು. 1901ರ ಜನವರಿ 22ರಂದು ರಾಣಿ ತೀರಿಕೊಂಡದ್ದು ಇದೇ ಆಸ್ಬೋರ್ನ್ ಮನೆಯಲ್ಲಿ. ಮಗ ಏಳನೇ ಎಡ್ವರ್ಡ್ ಮುನ್ಶಿಗೆ ಬಂದಿದ್ದ ಪತ್ರಗಳನ್ನೆಲ್ಲ ಸುಡಿಸಿ, ಅವನನ್ನು ಊರಿಗೆ ಕಳುಹಿಸಿಬಿಟ್ಟ. 1909ರಲ್ಲಿ ಆತ ಆಗ್ರಾದಲ್ಲಿ ನಿಧನನಾದ. ಈ ಕಥೆಯನ್ನು ಶ್ರಾಬಣಿ ಬಸು 2010ರಲ್ಲಿ ಪುಸ್ತಕವಾಗಿ ಬರೆದರು, 2017ರಲ್ಲಿ ಅದು ಸಿನಿಮಾ ಕೂಡ ಆಯಿತು. ಲಾಹೋರಿನ ಕುಶಲಕರ್ಮಿ ಭಾಯಿ ರಾಮ್ ಸಿಂಗ್ ರೂಪಿಸಿದ ದರ್ಬಾರ್ ಕೋಣೆ, ಭಾರತದ ಸಾಮಾನ್ಯ ಜನರ ವರ್ಣಚಿತ್ರಗಳು ಅಲ್ಲಿವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ಊರಿನಿಂದ ಬಂದ ತಂದೆ-ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಆಸೆಪಡುವುದು ಸಹಜ. ಆ ತಾಯಿಗೆ ಮಂಡಿನೋವಿದ್ದರೆ? ತಂದೆಗೆ ಪಾರ್ಶ್ವವಾಯು ಆಗಿದ್ದರೆ?

ಮೆಟ್ಟಿಲೇ ಅಂತಸ್ತು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇಂಥ ದೊಡ್ಡ ಬಂಗಲೆಗಳು ನೂರಾರಿವೆ. ಕಂಟ್ರಿ ಹೌಸ್ ಎಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಜಮೀನ್ದಾರರ, ಪ್ರಭುಗಳ ಮನೆಗಳು. ಈಗ ಅನೇಕವನ್ನು 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಆಸ್ಬೋರ್ನ್ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸುಪರ್ದಿಯಲ್ಲಿದೆ. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು, ಹೋಗಲು ಕಾಲಿದ್ದರೆ!

ಇವುಗಳಲ್ಲಿ ಬಹಳಷ್ಟನ್ನು ಕಟ್ಟಿದ್ದೇ ಬಂದವರು ಬೆರಗಾಗಲಿ ಎಂದು. ಮುಂಬಾಗಿಲಿಗೆ ಹತ್ತು ಹದಿನೈದು ಕಲ್ಲಿನ ಮೆಟ್ಟಿಲು. ಒಳಗೆ ಹೋದರೆ ಇನ್ನೊಂದು ಭವ್ಯ ಮೆಟ್ಟಿಲಸಾಲು. ಮನೆಯವರಿಗೆ ಅಗಲವಾದ ಮೆಟ್ಟಿಲು, ಕೆಲಸದವರಿಗೆ ಹಿಂದೆ ಕತ್ತಲೆಯ ಕಿರಿದಾದ ಮೆಟ್ಟಿಲು. ಕಲ್ಲಿದ್ದಲು, ಬಿಸಿನೀರು, ಊಟದ ತಟ್ಟೆ ಎಲ್ಲವೂ ಆ ಕತ್ತಲ ಮೆಟ್ಟಿಲಲ್ಲಿ ಹೆಣ್ಣುಮಕ್ಕಳ ಕೈಯಲ್ಲೇ ಮೇಲೇರುತ್ತಿತ್ತು. ಉತ್ತರದ ಕ್ರ್ಯಾಗ್‌ಸೈಡ್ ಎಂಬ ಮನೆಯ ಯಜಮಾನ ವಿಲಿಯಂ ಆರ್ಮ್‌ಸ್ಟ್ರಾಂಗ್ ಇಂಜಿನಿಯರ್ ಆಗಿದ್ದ. ಆತ ನೀರಿನ ಒತ್ತಡದಿಂದ ನಡೆಯುವ ಲಿಫ್ಟನ್ನು ಮನೆಯಲ್ಲಿ ಅಳವಡಿಸಿದ್ದ, ಕೆಲಸದವರು ಕಲ್ಲಿದ್ದಲು ಹೊತ್ತು ಮಹಡಿ ಹತ್ತುವುದು ತಪ್ಪಲಿ ಎಂದು. ಅಂದರೆ ಮನಸ್ಸಿದ್ದಲ್ಲಿ ಆ ಕಾಲದಲ್ಲೇ ದಾರಿಯಿತ್ತು.

ಬ್ರಿಟನ್ನಿನಲ್ಲಿ ವಿಕಲಚೇತನರ ವಿರುದ್ಧ ತಾರತಮ್ಯ ತಡೆಯುವ ಕಾಯ್ದೆ ಬಂದದ್ದು 1995ರಲ್ಲಿ. ಆದರೆ ಕಟ್ಟಡದ ಅಡೆತಡೆಗಳನ್ನು ಸರಿಪಡಿಸುವ ಹೊಣೆ ಜಾರಿಯಾಗಲು 2004ರ ಅಕ್ಟೋಬರ್ ತನಕ ಕಾಯಬೇಕಾಯಿತು. 2010ರ ಸಮಾನತಾ ಕಾಯ್ದೆ ಅದನ್ನು ಮುಂದುವರಿಸಿತು. ಕಾನೂನಿನ ತಿರುಳು ಇಷ್ಟೇ: ಸಾರ್ವಜನಿಕರಿಗೆ ಸೇವೆ ನೀಡುವವರು ವಿಕಲಚೇತನರಿಗಾಗಿ ನ್ಯಾಯವಾದ ಮಾರ್ಪಾಡುಗಳನ್ನು ಮಾಡಿಕೊಡಲೇಬೇಕು, ಅದೂ ಅವರು ಬಂದು ಬಾಗಿಲು ತಟ್ಟಿದ ಮೇಲಲ್ಲ, ಮೊದಲೇ ಯೋಚಿಸಿ.

ಇನ್ನೊಂದು ಕಡೆ ಪುರಾತನ ಕಟ್ಟಡಗಳ ಸಂರಕ್ಷಣೆಯ ಕಾನೂನೂ ಅಷ್ಟೇ ಬಿಗಿಯಾಗಿದೆ. ಅನುಮತಿಯಿಲ್ಲದೆ ಒಂದು ಬಾಗಿಲ ಚೌಕಟ್ಟನ್ನೂ ಅಗಲಿಸುವಂತಿಲ್ಲ. ಲಿಫ್ಟ್ ಹಾಕಲು ಮುನ್ನೂರು ವರ್ಷ ಹಳೆಯ ಚಿತ್ತಾರದ ಛಾವಣಿಯನ್ನು ಕೊರೆಯಬೇಕೆಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಈ ಕಷ್ಟ ನಿಜವಾದದ್ದೇ, ಅಲ್ಲಗಳೆಯುವಂತಿಲ್ಲ. ಆದರೆ ಅದನ್ನೇ ನೆಪವಾಗಿಸಿಕೊಂಡು ಕೈಕಟ್ಟಿ ಕೂರುವವರೂ ಇದ್ದಾರೆ. ಕಳಚಿ ತೆಗೆಯಬಹುದಾದ ರ‍್ಯಾಂಪ್ ಇಟ್ಟರೆ ಕಲ್ಲಿಗೆ ಒಂದು ಗೀರೂ ಬೀಳುವುದಿಲ್ಲ. ಗುಂಡಿ ಒತ್ತಿದೊಡನೆ ಕಲ್ಲಿನ ಮೆಟ್ಟಿಲುಗಳೇ ಹಿಂದೆ ಸರಿದು, ಅವುಗಳ ಜಾಗದಲ್ಲಿ ಗಾಲಿಕುರ್ಚಿಯನ್ನು ಮೇಲೆತ್ತುವ ಲಿಫ್ಟ್ ಕಾಣಿಸಿಕೊಳ್ಳುವ ಏರ್ಪಾಡು ಕೂಡ ಇಂದು ಹಳೆಯ ಕಟ್ಟಡಗಳಲ್ಲಿ ಬಳಕೆಗೆ ಬಂದಿದೆ. ಕೆಲಸ ಮುಗಿದ ಮೇಲೆ ಮೆಟ್ಟಿಲು ಮತ್ತೆ ಮೆಟ್ಟಿಲೇ.

ಕೆಲವು ಮನೆಗಳಲ್ಲಿ ಹಿಂದಿನ ಕೆಲಸದವರ ಬಾಗಿಲೇ ಸಮತಟ್ಟಾಗಿರುತ್ತದೆ. ಆದ್ದರಿಂದ ಗಾಲಿಕುರ್ಚಿಯವರನ್ನು ಆ ಕಡೆಯಿಂದ ಕರೆದೊಯ್ಯುತ್ತಾರೆ. ಮಗಳು ಮುಂಬಾಗಿಲಿನಿಂದ, ತಾಯಿ ಅಡುಗೆಮನೆಯ ಬದಿಯಿಂದ! ಬಾಗಿಲೇ ಇಲ್ಲದಿರುವುದಕ್ಕಿಂತ ಇದು ವಾಸಿ, ನಿಜ. ಆದರೆ ಮದುವೆಮನೆಗೆ ಬಂದ ನೆಂಟರನ್ನು ನಾವು ಹಿತ್ತಿಲಿನಿಂದ ಕರೆಯುತ್ತೇವೆಯೇ? ಹಿಂಬಾಗಿಲು ಅನಿವಾರ್ಯವಾದರೆ ಇಡೀ ಕುಟುಂಬವನ್ನು ಅಲ್ಲಿಂದಲೇ ಜೊತೆಯಾಗಿ ಒಳಗೆ ಬಿಡಬಹುದಲ್ಲ. ಇದಕ್ಕೆ ಯಾವ ಇಂಜಿನಿಯರನೂ ಬೇಕಾಗಿಲ್ಲ.

ಲಿಫ್ಟ್ ಇರುವ ಕಡೆಯೂ ಒಂದು ತೊಡಕಿದೆ. ಬೆಂಕಿ ಬಿದ್ದರೆ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ. ಹಾಗಾಗಿ ಏಕಕಾಲಕ್ಕೆ ಮಹಡಿಯ ಮೇಲೆ ಒಂದೋ ಎರಡೋ ಗಾಲಿಕುರ್ಚಿಗಳನ್ನಷ್ಟೇ ಬಿಡುವ ಮನೆಗಳಿವೆ. ಉಳಿದವರು ಕೆಳಗೆ ಕಾಯಬೇಕು. ಹಳೆಯ ಬಟ್ಟೆ, ಪರದೆಗಳ ಬಣ್ಣ ಮಾಸದಿರಲೆಂದು ಕೋಣೆಗಳಲ್ಲಿ ಬೆಳಕನ್ನು ಬಹಳ ಕಡಿಮೆ ಇಡುತ್ತಾರೆ, ಮಂದದೃಷ್ಟಿಯವರಿಗೆ ಅದು ಕತ್ತಲೆಯೇ ಸರಿ. ಅದಕ್ಕೆಂದೇ ದಪ್ಪ ಅಕ್ಷರದ ಕೈಪಿಡಿ, ಕಿವಿಯಲ್ಲಿ ವಿವರಿಸುವ ಧ್ವನಿಯಂತ್ರ, ಕೆಲವು ವಸ್ತುಗಳನ್ನು ಮುಟ್ಟಿ ನೋಡುವ ವಿಶೇಷ ಸುತ್ತು ಮುಂತಾದವನ್ನು ಹಲವೆಡೆ ಏರ್ಪಡಿಸಿದ್ದಾರೆ. ರಾಣಿಯ ಕಡುಗಪ್ಪು ಶಾಯಿ ನೆನಪಾಯಿತೇ?

ತಾಯಂದಿರ ಕಷ್ಟ

ಇಡೀ ವಿಷಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಮೆಟ್ಟಿಲಲ್ಲ, ಶೌಚಾಲಯ. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ಹೊರಡುವಾಗಲೇ "ಅಲ್ಲಿ ವ್ಯವಸ್ಥೆ ಹೇಗೋ" ಎಂದು ನೀರು ಕುಡಿಯುವುದನ್ನೇ ಬಿಡುವವರು ನಾವು. ಇನ್ನು ಇಪ್ಪತ್ತು ವರ್ಷದ ಮಗನಿಗೋ ಮಗಳಿಗೋ ಸ್ವಂತವಾಗಿ ಎದ್ದು ನಿಲ್ಲಲೂ ಆಗದು, ಡೈಪರ್ ಬದಲಿಸಬೇಕು ಎಂದಾದರೆ ತಾಯಿ ಎಲ್ಲಿಗೆ ಹೋಗಬೇಕು? ಗಾಲಿಕುರ್ಚಿ ಹಿಡಿಸುವ ಸಾಮಾನ್ಯ ಶೌಚಾಲಯ ಇದ್ದರೂ ಅಲ್ಲಿ ದೊಡ್ಡವರನ್ನು ಮಲಗಿಸುವ ಜಾಗವಿರುವುದಿಲ್ಲ. ಮುಂದುವರಿದ ದೇಶವೆಂದು ನಾವು ಹೊಗಳುವ ಬ್ರಿಟನ್ನಿನಲ್ಲೂ ತಾಯಂದಿರು ಬೆಳೆದ ಮಕ್ಕಳನ್ನು ಶೌಚಾಲಯದ ಒದ್ದೆ ನೆಲದ ಮೇಲೆಯೇ ಮಲಗಿಸಿ ಶುಚಿ ಮಾಡಿದ್ದಾರೆ. ಇಲ್ಲವೇ ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ.

2006ರಲ್ಲಿ ಅಲ್ಲಿ 'ಚೇಂಜಿಂಗ್ ಪ್ಲೇಸಸ್' ಎಂಬ ಆಂದೋಲನ ಶುರುವಾಯಿತು. ಬೇಡಿಕೆ ಸರಳ: ಸುಮಾರು 12 ಚದರ ಮೀಟರ್ ಅಂದರೆ ಒಂದು ಸಾಧಾರಣ ಮಲಗುವ ಕೋಣೆಯಷ್ಟು ಜಾಗ, ವಯಸ್ಕರು ಮಲಗುವಂಥ ಏರಿಸಿ ಇಳಿಸುವ ಬೆಂಚು, ಕುರ್ಚಿಯಿಂದ ಎತ್ತಿ ಅದರ ಮೇಲಿಡುವ ಯಂತ್ರ, ಇಬ್ಬರು ನಿಂತು ಸಹಾಯ ಮಾಡುವಷ್ಟು ಅವಕಾಶ. 2021ರಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಕಟ್ಟುವ ಕೆಲವು ಬಗೆಯ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಇದು ಕಡ್ಡಾಯ. ಹಳೆಯ ಬಂಗಲೆಗಳಿಗೆ ಆ ಕಡ್ಡಾಯವಿಲ್ಲ. ಆದರೂ ಇಂಥ ಬಂಗಲೆಗಳಿಗೆ ಒಂದು ಅನುಕೂಲವಿದೆ ನೋಡಿ. ಮನೆಯನ್ನು ಮುಟ್ಟುವಂತಿಲ್ಲದಿದ್ದರೂ ಕುದುರೆಲಾಯ, ಕಾರು ನಿಲ್ಲಿಸುವ ಅಂಗಳ, ಟಿಕೆಟ್ ಕಟ್ಟೆಯ ಆಸುಪಾಸು ಬೇಕಾದಷ್ಟು ಜಾಗವಿರುತ್ತದೆ. ಹಾಗೆ ಹೊರಗಡೆ ಈ ಕೋಣೆ ಕಟ್ಟಿದ ಕಡೆಗೆ ಕುಟುಂಬಗಳು ದೂರದಿಂದಲೂ ಹೋಗುತ್ತವೆ. ಅಂದರೆ ಆ ತಾಯಿಯ ಪಾಲಿಗೆ ದರ್ಬಾರ್ ಕೋಣೆಗಿಂತ ಈ ಕೋಣೆ ಮುಖ್ಯ.

ಜೊತೆಗೆ ಬಂದವರಿಂದ ಟಿಕೆಟ್ ಕೇಳದಿರುವುದು ಇನ್ನೊಂದು ಒಳ್ಳೆಯ ಪದ್ಧತಿ. ನ್ಯಾಷನಲ್ ಟ್ರಸ್ಟ್ ಆಗಲಿ ಇಂಗ್ಲಿಷ್ ಹೆರಿಟೇಜ್ ಆಗಲಿ, ವಿಕಲಚೇತನರನ್ನು ನೋಡಿಕೊಳ್ಳಲು ಬರುವ ಸಂಗಾತಿಗೆ ಪ್ರವೇಶ ಶುಲ್ಕ ತೆಗೆದುಕೊಳ್ಳುವುದಿಲ್ಲ. ದಿನವಿಡೀ ಕುರ್ಚಿ ತಳ್ಳುವ ಆಕೆ ಅಲ್ಲಿಗೆ ಮೋಜಿಗಾಗಿ ಮಾತ್ರ ಬಂದವಳಲ್ಲ ಎಂಬುದನ್ನು ಯಾರೋ ಅರ್ಥಮಾಡಿಕೊಂಡಿದ್ದಾರೆ.

ಕಣ್ಣಿಗೆ ಕಾಣದ ನೋವೂ ಇದೆ. ರಾಣಿ ತೀರಿಕೊಂಡ ಮೇಲೆ ಆಕೆಯ ವೈದ್ಯ ಡಾ. ಜೇಮ್ಸ್ ರೀಡ್ ಮೊದಲ ಬಾರಿಗೆ ಒಂದು ಸಂಗತಿ ಕಂಡುಕೊಂಡರು. ಆಕೆಗೆ ಗರ್ಭಕೋಶ ಜಾರಿತ್ತು, ಹೊಟ್ಟೆಯ ಭಾಗದಲ್ಲಿ ಹರ್ನಿಯಾ ಇತ್ತು. ಇಪ್ಪತ್ತು ವರ್ಷ ಜೊತೆಗಿದ್ದ ವೈದ್ಯರಿಗೂ ಆಕೆ ತೋರಿಸಿಕೊಂಡಿರಲಿಲ್ಲ. ಒಂಬತ್ತು ಹೆತ್ತ ತಾಯಿ, ಸಾಮ್ರಾಜ್ಞಿ, ಹೇಳಿಕೊಳ್ಳಲು ಸಂಕೋಚ! ನಮ್ಮ ಮನೆಗಳಲ್ಲಿ ಇದೇ ತೊಂದರೆಯನ್ನು ಸೆರಗಿನಡಿ ಮುಚ್ಚಿಟ್ಟು ಬದುಕುವ ಅತ್ತೆ, ಅಜ್ಜಿಯಂದಿರು ಎಷ್ಟು ಮಂದಿಯೋ. ಅಂಥವರು ಪ್ರವಾಸದಲ್ಲಿ "ನನಗೆ ಬೇಡ, ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ" ಎನ್ನುತ್ತಾರೆ. ಕೂರಲು ಅಲ್ಲಲ್ಲಿ ಒಂದು ಬೆಂಚು, ಹತ್ತಿರದಲ್ಲೊಂದು ಶೌಚಾಲಯ ಇದ್ದರೆ ಅವರೂ ಎದ್ದು ಬರುತ್ತಾರೆ. 2016ರಲ್ಲಿ ಲಂಡನ್ ಬಳಿಯ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಚಿತ್ರವುಳ್ಳ ಹಸಿರು ಪಟ್ಟಿಯೊಂದನ್ನು ಶುರುಮಾಡಿದರು. ಕಣ್ಣಿಗೆ ಕಾಣದ ವೈಕಲ್ಯ ಇರುವವರು ಅದನ್ನು ಕೊರಳಿಗೆ ಹಾಕಿಕೊಂಡರೆ ಸಿಬ್ಬಂದಿ ಪ್ರಶ್ನೆ ಕೇಳದೆ ಸ್ವಲ್ಪ ತಾಳ್ಮೆ ತೋರುತ್ತಾರೆ. ಈಗ ಅದು ಎಷ್ಟೋ ಕಡೆ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ

ಕಾಕತಾಳೀಯವೆಂಬಂತೆ ನಮ್ಮಲ್ಲೂ ವಿಕಲಚೇತನರ ಮೊದಲ ಕಾಯ್ದೆ 1995ರದ್ದೇ. ಅದರ ಜಾಗದಲ್ಲಿ 2016ರ ಹೊಸ ಕಾಯ್ದೆ ಬಂತು, 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಬಂದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕೆಂದಿತು. ನಿಯಮಗಳು ಬಂದದ್ದು 2017ರಲ್ಲಿ, ಗಡುವು ಎಂದೋ ಮುಗಿದಿದೆ. ದೃಷ್ಟಿಹೀನರಾದ ರಾಜೀವ್ ರತೂರಿ ಹೂಡಿದ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಇಂಥ ಸೌಕರ್ಯಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳನ್ನು ರೂಪಿಸಿ ಎಂದು ಸರಕಾರಕ್ಕೆ ಮೂರು ತಿಂಗಳ ಕಾಲಾವಕಾಶ ಕೊಟ್ಟಿತು. ಆದ್ದರಿಂದ ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಅರಮನೆಯ ಎತ್ತರದ ಜಗಲಿಯ ಮುಂದೆ ನಿಂತು "ಗಾಲಿಕುರ್ಚಿಗೆ ದಾರಿ ಯಾವುದು?" ಎಂದು ಕೇಳುವುದು ಉಪಕಾರ ಬೇಡಿದಂತಲ್ಲ.

ಇಲ್ಲಾಗಲಿ ಅಲ್ಲಾಗಲಿ, ಹಿರಿಯರನ್ನು ಅಥವಾ ವಿಕಲಚೇತನ ಮಗುವನ್ನು ಕರೆದುಕೊಂಡು ಹೊರಡುವ ಮುನ್ನ ಒಂದು ಫೋನ್ ಮಾಡಿ. "ವ್ಯವಸ್ಥೆ ಇದೆಯಾ?" ಎಂದು ಕೇಳಬೇಡಿ, "ಇದೆ" ಎಂಬ ಉತ್ತರ ಬಂದುಬಿಡುತ್ತದೆ. ಎಷ್ಟು ಮೆಟ್ಟಿಲು ಎಂದು ಕೇಳಿ. ಲಿಫ್ಟಿನ ಬಾಗಿಲು ಎಷ್ಟು ಅಗಲ, ಅದು ಈ ವಾರ ಕೆಲಸ ಮಾಡುತ್ತಿದೆಯೇ? ಕಾರು ನಿಲ್ಲಿಸುವಲ್ಲಿಂದ ಬಾಗಿಲಿಗೆ ಎಷ್ಟು ದೂರ? ರ‍್ಯಾಂಪ್ ಎಷ್ಟು ಉದ್ದ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಗಿಡ್ಡವಾದರೆ ತಳ್ಳುವ ನಿಮಗೇ ಉಸಿರು ಕಟ್ಟುತ್ತದೆ. ಸ್ಕಾಟ್ಲೆಂಡಿನ ಯೂಅನ್ ಮೆಕ್‌ಡೊನಾಲ್ಡ್ ಎಂಬವರು ನರರೋಗದಿಂದ ಗಾಲಿಕುರ್ಚಿ ಹಿಡಿದ ಮೇಲೆ ತಮ್ಮ ಸಹೋದರಿಯೊಡನೆ ಸೇರಿ 2013ರಲ್ಲಿ 'ಯೂಅನ್ಸ್ ಗೈಡ್' ಆರಂಭಿಸಿದರು. ಹೋಗಿ ಬಂದ ವಿಕಲಚೇತನರೇ ಅಲ್ಲಿ ಆಯಾ ಸ್ಥಳದ ಬಗ್ಗೆ ಬರೆಯುತ್ತಾರೆ, ಬ್ರಿಟನ್ನಿಗೆ ಹೋಗುವವರು ಅದನ್ನು ನೋಡಬಹುದು. ಮತ್ತೆ, ತೋಟದ ದಾರಿಯಲ್ಲಿ ಸಣ್ಣ ಜಲ್ಲಿ ಹಾಸಿದ್ದಾರೆಯೇ ಎಂದು ಕೇಳಲು ಮರೆಯಬೇಡಿ. ಕಾಲಿಗೆ ಚೆಂದವೆನಿಸುವ ಆ ಜಲ್ಲಿಯಲ್ಲಿ ಗಾಲಿಗಳು ಹೂತುಹೋಗುತ್ತವೆ. ಕುರ್ಚಿಯನ್ನು ಹಿಮ್ಮುಖ ತಿರುಗಿಸಿ, ದೊಡ್ಡ ಗಾಲಿ ಮುಂದಾಗುವಂತೆ ಮಾಡಿ ಎಳೆದರೆ ಸ್ವಲ್ಪ ಸುಲಭ.