ವಿಎಂಗೆ ತನ್ನ ಮನೆಯೇ ಕಾಣದಿದ್ದಾಗ: ಬಾಗೂರಿನಲ್ಲಿ ನಾವು ಕಟ್ಟಿದ ಬ್ರಿಡ್ಜ್

ಈ ಸಲ ಸ್ವಲ್ಪ ಟೆಕ್ನಿಕಲ್ ವಿಷಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದನ್ನ ಕನ್ನಡದಲ್ಲಿ ಬರೆಯೋದು ಕಷ್ಟವೇ ಆಯ್ತು. ತಪ್ಪಿದ್ದರೆ ತಿದ್ದಿ.

ಕಳೆದ ದಸರಾ ರಜೆಯಲ್ಲಿ ನಾವು ಮೂರು ಜನ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿಗೆ ಹೋಗಿದ್ವಿ, ನಮ್ಮಲ್ಲೊಬ್ಬನ ಮನೆಗೆ. ಅವನ ಅಪ್ಪ ಸುತ್ತಲಿನ ಊರುಗಳಲ್ಲಿ ತೆಂಗಿನಕಾಯಿ ಕೊಂಡು, ಕೊಬ್ಬರಿ ಮಾಡಿಸಿ ತಿಪಟೂರಿಗೆ ಹಾಕ್ತಾರೆ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅನ್ನೋ 11 ವರ್ಷದ ಲೆಕ್ಕ ಒಂದು ಹಳೇ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿತ್ತು. ಅದನ್ನ ಬರೆದುಕೊಟ್ಟವರು ಈಗ ಸಿಗಲ್ಲ. ಅದು ಓಡ್ತಿದ್ದ ಕಂಪ್ಯೂಟರ್‌ನ ಮದರ್‌ಬೋರ್ಡ್ ಮಳೆಗಾಲದಲ್ಲಿ ಸುಟ್ಟುಹೋಗಿತ್ತು, ಹಾರ್ಡ್‌ಡಿಸ್ಕ್ ಮಾತ್ರ ಉಳಿದಿತ್ತು.

ನಮ್ಮ ಪ್ಲಾನ್ ಸಿಂಪಲ್. ಒಂದು ಹಳೇ ಡೆಸ್ಕ್‌ಟಾಪ್‌ಗೆ ಟ್ರೂನ್ಯಾಸ್ ಹಾಕಿ ಅದನ್ನ ಸ್ಟೋರೇಜ್ ಸರ್ವರ್ ಮಾಡೋದು. ಎರಡು ಡಿಸ್ಕ್ ಮಿರರ್‌ನಲ್ಲಿ ಲೆಕ್ಕದ ಫೈಲು, ಮನೆಯ ಫೋಟೋಗಳು. ಅದೇ ಸರ್ವರ್ ಒಳಗೆ ಒಂದು ವರ್ಚುವಲ್ ಮಷೀನ್, ಅಂದ್ರೆ ವಿಎಂ. ಅದರಲ್ಲಿ ವಿಂಡೋಸ್, ವಿಂಡೋಸ್‌ನಲ್ಲಿ ಆ ಹಳೇ ಸಾಫ್ಟ್‌ವೇರ್. ಸಾಫ್ಟ್‌ವೇರ್ ತನ್ನ ಲೆಕ್ಕದ ಫೈಲನ್ನ ಸರ್ವರ್‌ನ ಶೇರ್ ಮಾಡಿದ ಫೋಲ್ಡರ್‌ನಿಂದ ಓದಬೇಕು. ಆಗ ದಿನಾ ಸ್ನ್ಯಾಪ್‌ಶಾಟ್ ಸಿಗುತ್ತೆ.

ಲೆಕ್ಕವನ್ನ ಸರ್ವರ್‌ಗೆ ಕಾಪಿ ಮಾಡಿದ ಖುಷಿಯಲ್ಲಿ ಹಳೇ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಿ ಮಿರರ್‌ಗೆ ಸೇರಿಸಿಬಿಟ್ವಿ. ಈ ಸಾಲನ್ನ ನೆನಪಿಟ್ಟುಕೊಳ್ಳಿ.

ಸಮಸ್ಯೆ ಏನಿತ್ತು

ವಿಎಂ ಚೆನ್ನಾಗಿ ಎದ್ದಿತು. ಇಂಟರ್ನೆಟ್ ಬಂತು, ರೂಟರ್ 192.168.1.1 ಪಿಂಗ್ ಆಯ್ತು. ಫೋನಿನಿಂದ ವಿಎಂ ಕಾಣ್ತಿತ್ತು. ಲ್ಯಾಪ್‌ಟಾಪ್‌ನಿಂದ ಸರ್ವರ್‌ನ ಫೋಲ್ಡರ್ ಕೂಡ ತೆರೀತಿತ್ತು. ಆದರೆ ವಿಎಂನಿಂದ ಸರ್ವರ್‌ನ ವಿಳಾಸ 192.168.1.10ಕ್ಕೆ ಪಿಂಗ್ ಮಾಡಿದ್ರೆ ಉತ್ತರವೇ ಇಲ್ಲ. ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದ್ವಿ, ವಿಂಡೋಸ್ ಫೈರ್‌ವಾಲ್ ಆಫ್ ಮಾಡಿದ್ವಿ. ಊರೆಲ್ಲ ಕಾಣುತ್ತೆ, ತಾನು ಕೂತಿರೋ ಮನೆ ಮಾತ್ರ ಕಾಣಲ್ಲ! ಒಂದು ಸಂಜೆ ಪೂರ್ತಿ ಹೋಯ್ತು.

ಕಾರಣ ಇದು. ವಿಎಂನ ನೆಟ್‌ವರ್ಕ್ ಕಾರ್ಡನ್ನ ನೇರವಾಗಿ ಸರ್ವರ್‌ನ ಲ್ಯಾನ್ ಪೋರ್ಟ್‌ಗೆ ಅಂಟಿಸಿದ್ರೆ ಲಿನಕ್ಸ್ ಒಳಗೆ ಮ್ಯಾಕ್‌ವಿಟ್ಯಾಪ್ ಅನ್ನೋ ವ್ಯವಸ್ಥೆ ಬಳಕೆಯಾಗುತ್ತೆ. ಅದು ವಿಎಂ ಕಳಿಸಿದ ಫ್ರೇಮನ್ನ ಸೀದಾ ತಂತಿಗೆ ತಳ್ಳುತ್ತೆ, ಸರ್ವರ್‌ಗೆ ತೋರಿಸಲ್ಲ. ಫ್ರೇಮ್ ಹೊರಗಿನ ಸ್ವಿಚ್‌ಗೆ ಹೋಗುತ್ತೆ. ಸ್ವಿಚ್ ನೋಡುತ್ತೆ: ಹೋಗಬೇಕಾದ ಜಾಗ ಇದು ಬಂದ ಪೋರ್ಟಿನ ಕಡೆಯೇ ಇದೆ. ಬಂದ ದಾರಿಯಲ್ಲೇ ಫ್ರೇಮನ್ನ ವಾಪಸ್ ಕಳಿಸೋದು ಸಾಮಾನ್ಯ ಸ್ವಿಚ್‌ನ ಪದ್ಧತಿ ಅಲ್ಲ. ಫ್ರೇಮ್ ಅಲ್ಲಿಗೇ ಮುಗೀತು. ಇದು ಬಗ್ ಅಲ್ಲ, ಅದರ ವಿನ್ಯಾಸವೇ ಹಾಗೆ.

'ನ್ಯಾಟ್ ಹಾಕಬಹುದಿತ್ತಲ್ಲ' ಅಂತ ಕೇಳಬಹುದು. ನ್ಯಾಟ್‌ನಲ್ಲಿ ವಿಎಂಗೆ ಸರ್ವರ್ ಕಾಣುತ್ತೆ, ಆದರೆ ಮನೆಯ ಉಳಿದ ಲ್ಯಾಪ್‌ಟಾಪ್, ಫೋನ್‌ಗಳಿಗೆ ವಿಎಂ ನೇರವಾಗಿ ಕಾಣಲ್ಲ. ಅಪ್ಪ ಹಾಲ್‌ನ ಲ್ಯಾಪ್‌ಟಾಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲೆಕ್ಕ ಬರೀಬೇಕು. ಹಾಗಾಗಿ ಎರಡೂ ಕಡೆ ದಾರಿ ಬೇಕಿತ್ತು.

ಬ್ರಿಡ್ಜ್ ಅಂದ್ರೆ ಏನು

ಬ್ರಿಡ್ಜ್ ಅಂದ ಕೂಡಲೇ ಸೇತುವೆ ಅಂದ್ಕೋತೀವಿ. ನಿಜವಾಗಿ ಇದು ಸಾಫ್ಟ್‌ವೇರ್‌ನಲ್ಲಿರೋ ಒಂದು ಸ್ವಿಚ್. ಇದಕ್ಕೆ ಸರ್ವರ್‌ನ ಲ್ಯಾನ್ ಪೋರ್ಟನ್ನೂ ಸೇರಿಸ್ತೀವಿ, ವಿಎಂನ ಕಾರ್ಡನ್ನೂ ಸೇರಿಸ್ತೀವಿ, ಸರ್ವರ್ ತಾನೂ ಇದಕ್ಕೇ ಸೇರಿಕೊಳ್ಳುತ್ತೆ. ಯಾವ ಮ್ಯಾಕ್ ವಿಳಾಸ ಯಾವ ಕಡೆಯಿಂದ ಬಂತು ಅಂತ ಬ್ರಿಡ್ಜ್ ನೋಡಿ ಕಲಿಯುತ್ತೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದ ವಿಳಾಸವನ್ನ ಮರೆಯುತ್ತೆ. ಈಗ ವಿಎಂನಿಂದ ಸರ್ವರ್‌ಗೆ ಹೋಗೋ ಫ್ರೇಮ್ ತಂತಿಗೇ ಇಳಿಯಲ್ಲ, ಒಳಗೇ ತಿರುಗುತ್ತೆ.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದೇ: ಐಪಿ ವಿಳಾಸ ಬ್ರಿಡ್ಜ್‌ಗೆ ಸೇರಿದ್ದು, ಲ್ಯಾನ್ ಪೋರ್ಟ್‌ಗಲ್ಲ. ನಮಗೆ ಇದು ಅರ್ಥ ಆಗಿದ್ದು ಬಾಗೂರು-ನವಿಲೆ ಸುರಂಗ ನೆನಪಾದಾಗ. ಹೇಮಾವತಿ ನಾಲೆಯ ನೀರು ತುಮಕೂರು ಕಡೆಗೆ ಹೋಗೋದು ಆ ಸುರಂಗದಲ್ಲೇ. ಸುರಂಗದ ಒಳಗೆ ಯಾರ ಗದ್ದೆಯೂ ಇಲ್ಲ. ಒಂದು ಕಡೆ ಬಂದ ನೀರನ್ನ ಇನ್ನೊಂದು ಕಡೆ ಬಿಡೋದಷ್ಟೇ ಅದರ ಕೆಲಸ. ಬ್ರಿಡ್ಜ್‌ಗೆ ಸೇರಿದ ಮೇಲೆ ಲ್ಯಾನ್ ಪೋರ್ಟ್ ಕೂಡ ಹಾಗೇ, ಸಾಗಿಸುತ್ತೆ ಅಷ್ಟೇ. ಅದರ ಮೇಲೆ ಐಪಿ ಉಳಿಸಿ ಬ್ರಿಡ್ಜ್‌ಗೂ ಐಪಿ ಕೊಟ್ರೆ ಗೊಂದಲ ಖಂಡಿತ.

ಮಾಡೋ ಕ್ರಮ

1. ಮೊದಲು ಟ್ರೂನ್ಯಾಸ್‌ನ ಕಾನ್ಫಿಗರೇಶನ್ ಫೈಲ್ ಡೌನ್‌ಲೋಡ್ ಮಾಡಿ. ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಹಾಕಿಟ್ಟುಕೊಳ್ಳಿ. ನೆಟ್‌ವರ್ಕ್ ಹೋದ್ರೆ ಅದೊಂದೇ ದಾರಿ.
2. ಈಗಿನ ಐಪಿ, ಗೇಟ್‌ವೇ, ಡಿಎನ್‌ಎಸ್ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.
3. ವಿಎಂಗಳನ್ನ ಶಟ್‌ಡೌನ್ ಮಾಡಿ.
4. ನೆಟ್‌ವರ್ಕ್ ಪುಟದಲ್ಲಿ ಲ್ಯಾನ್ ಪೋರ್ಟ್ ತೆರೆದು ಡಿಎಚ್‌ಸಿಪಿ ತೆಗೀರಿ, ಐಪಿ ಇದ್ದರೆ ಅದನ್ನೂ ಅಳಿಸಿ.
5. ಹೊಸ ಇಂಟರ್‌ಫೇಸ್ ಸೇರಿಸಿ. ಬಗೆ ಬ್ರಿಡ್ಜ್, ಹೆಸರು ಬಿಆರ್0. ಮೆಂಬರ್ ಆಗಿ ಲ್ಯಾನ್ ಪೋರ್ಟ್ ಆರಿಸಿ, 192.168.1.10/24 ವಿಳಾಸವನ್ನ ಇಲ್ಲಿ ಕೊಡಿ.
6. ಗೇಟ್‌ವೇ ಮತ್ತು ಡಿಎನ್‌ಎಸ್ ಕೈಯಾರೆ ತುಂಬಿ. ಮೊದಲು ಅವನ್ನ ಡಿಎಚ್‌ಸಿಪಿ ಕೊಡ್ತಿತ್ತು, ಈಗ ಕೊಡೋರಿಲ್ಲ.
7. 'ಟೆಸ್ಟ್ ಚೇಂಜಸ್' ಒತ್ತಿ. ಸಾಮಾನ್ಯವಾಗಿ 60 ಸೆಕೆಂಡು ಸಮಯ ಇರುತ್ತೆ. ಅಷ್ಟರೊಳಗೆ ಪುಟ ಮತ್ತೆ ತೆರೆದು 'ಸೇವ್ ಚೇಂಜಸ್' ಒತ್ತದಿದ್ರೆ ಎಲ್ಲ ಹಳೇ ಸ್ಥಿತಿಗೆ ಹೋಗುತ್ತೆ. ಆ ಸಮಯವನ್ನ 120ಕ್ಕೆ ಏರಿಸಿಕೊಳ್ಳೋದು ಒಳ್ಳೇದು.
8. ವಿಎಂನ ನೆಟ್‌ವರ್ಕ್ ಕಾರ್ಡನ್ನ ಲ್ಯಾನ್ ಪೋರ್ಟ್ ಬದಲು ಬಿಆರ್0ಗೆ ಸೇರಿಸಿ, ಸ್ಟಾರ್ಟ್ ಮಾಡಿ.

ಇನ್ನೊಂದು ಮಾತು: ಇದೆಲ್ಲ ತಂತಿಯ ಲ್ಯಾನ್‌ಗೆ. ವೈಫೈ ಕಾರ್ಡನ್ನ ಹೀಗೆ ಬ್ರಿಡ್ಜ್‌ಗೆ ಸೇರಿಸೋಕೆ ಸಾಮಾನ್ಯವಾಗಿ ಆಗಲ್ಲ. ತನ್ನ ಜೊತೆ ಜೋಡಣೆಯಾದ ಮ್ಯಾಕ್ ವಿಳಾಸದ ಫ್ರೇಮನ್ನ ಮಾತ್ರ ಆಕ್ಸೆಸ್ ಪಾಯಿಂಟ್ ಒಪ್ಪುತ್ತೆ, ಹಿಂದಿರೋ ವಿಎಂನ ಮ್ಯಾಕ್ ಅದಕ್ಕೆ ಗೊತ್ತಿಲ್ಲ. ನಾವು ಹಾಲ್‌ನಿಂದ ಅಟ್ಟದ ಕೋಣೆಗೆ 20 ಮೀಟರ್ ಕೇಬಲ್ ಎಳೆದ್ವಿ.

ನಾವು ಮಾಡಿದ ತಪ್ಪು

ಏಳನೇ ಹೆಜ್ಜೆಯಲ್ಲಿ 'ಟೆಸ್ಟ್' ಒತ್ತಿದ್ವಿ. ಪುಟ ಸತ್ತುಹೋಯ್ತು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಏನೂ ಇಲ್ಲ. ಮಾನಿಟರ್ ಹಾಕಿರಲಿಲ್ಲ. ಗಾಬರಿಯಲ್ಲಿ ಒಬ್ಬ ಹೋಗಿ ಸರ್ವರ್‌ನ ಪ್ಲಗ್ ಕಿತ್ತ. ಕಿತ್ತ ಮೇಲೆ ನೆನಪಾಯ್ತು, 11 ವರ್ಷದ ಲೆಕ್ಕ ಈಗ ಇರೋದು ಆ ಡಬ್ಬದಲ್ಲಿ ಮಾತ್ರ. ಮಿರರ್ ಅಂದ್ರೆ ಬ್ಯಾಕಪ್ ಅಲ್ಲ ಅಂತ ಕ್ಲಾಸಿನಲ್ಲಿ ಕೇಳಿದ್ವಿ, ನಿಂತಲ್ಲೇ ಬೆವರಿದ್ದು ಆವತ್ತು. ಅಷ್ಟೊತ್ತಿಗೆ ಅಪ್ಪ ಕೆಳಗಿಂದ ಕೂಗಿದ್ರು, 'ಏನ್ರಪ್ಪಾ, ಲೆಕ್ಕ ಬಂತಾ?' ಯಾರೂ ಬಾಯಿ ಬಿಡಲಿಲ್ಲ.

ಆಗಿದ್ದು ಇಷ್ಟೇ. ಬ್ರಿಡ್ಜ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಆನ್ ಇದ್ದರೆ ಅದು ಎದ್ದ ಕೂಡಲೇ ಫ್ರೇಮ್ ದಾಟಿಸಲ್ಲ. ಎಲ್ಲಾದ್ರೂ ಲೂಪ್ ಇದೆಯಾ ಅಂತ 15 ಸೆಕೆಂಡು ಕೇಳಿಸಿಕೊಳ್ಳುತ್ತೆ, ಇನ್ನೊಂದು 15 ಸೆಕೆಂಡು ವಿಳಾಸ ಕಲಿಯುತ್ತೆ, ಆಮೇಲೆ ಬಾಗಿಲು ತೆಗೆಯುತ್ತೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಈ ವಿಧಾನ ದೊಡ್ಡ ನೆಟ್‌ವರ್ಕ್‌ಗಳನ್ನ ಲೂಪ್‌ನಿಂದ ಕಾಪಾಡುತ್ತೆ. ನಮ್ಮ ಒಂದು ಕೇಬಲ್‌ನ ಮನೆಗೂ ಅದೇ 30 ಸೆಕೆಂಡು ಕಾಯಿಸ್ತು. ನಾವು ಕಾಯಲಿಲ್ಲ.

ಪುಣ್ಯಕ್ಕೆ ಟ್ರೂನ್ಯಾಸ್‌ನ ಝಡ್‌ಎಫ್‌ಎಸ್ ಹಳೇ ಡೇಟಾದ ಮೇಲೆ ನೇರವಾಗಿ ಬರೆಯಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಅದಕ್ಕೆ ಬದಲಾಗುತ್ತೆ. ವಿಎಂ ಕೂಡ ಮೊದಲೇ ಆಫ್ ಆಗಿತ್ತು. ಸರ್ವರ್ ಮತ್ತೆ ಎದ್ದಾಗ ಲೆಕ್ಕ ಹಾಗೇ ಇತ್ತು. ಬ್ರಿಡ್ಜ್ ಸೇವ್ ಆಗಿರಲಿಲ್ಲ, ಹಳೇ ನೆಟ್‌ವರ್ಕೇ ವಾಪಸ್ ಬಂದಿತ್ತು.

ಎರಡನೇ ಸಲ ಬ್ರಿಡ್ಜ್ ಮುಟ್ಟೋ ಮುಂಚೆ ಲೆಕ್ಕದ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಹಾಕಿ ಅಮ್ಮನ ಕೈಗೆ ಕೊಟ್ವಿ. ಅವರು ಅದನ್ನ ಬೀರುವಿನಲ್ಲಿ ಒಡವೆ ಜೊತೆ ಇಟ್ಟರು. ಆಮೇಲೆ 'ಟೆಸ್ಟ್' ಒತ್ತಿ ಕೈ ಕಟ್ಟಿ ಕೂತ್ವಿ. ಮೂವತ್ತು ಚಿಲ್ಲರೆ ಸೆಕೆಂಡಿಗೆ ಪುಟ ಬಂತು. ಸೇವ್ ಮಾಡಿ ವಿಎಂನಿಂದ ಪಿಂಗ್ ಮಾಡಿದ್ವಿ, ಉತ್ತರ ಬಂತು.

ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತು ಮೊದಲು ತೆಗೆದಿದ್ದು 2016ರ ಒಂದು ಪುಟ. ಬರಗಾಲದ ವರ್ಷ ಅಡ್ವಾನ್ಸ್ ತಗೊಂಡು, ಮರ ಒಣಗಿ ಕಾಯಿ ಕೊಡೋಕಾಗದೆ ಹೋದ ಒಬ್ಬರ ಲೆಕ್ಕ. 'ಇದು ಅವರು ಕೊಡಬೇಕಾಗಿಲ್ಲ ಅಂತ ನಾನೇ ಬರೆದಿದ್ದೆ. ಇದು ಹೋಗಿದ್ರೆ ನನ್ನ ಮಗ ನಾಳೆ ಹೋಗಿ ಕೇಳಿಬಿಡ್ತಿದ್ದ' ಅಂದ್ರು. ನಾವು ಪ್ಲಗ್ ಕಿತ್ತ ವಿಷಯ ಅವರಿಗೆ ಹೇಳಿದ್ದು ಊಟ ಆದ ಮೇಲೆ.

ನಿಮ್ಮ ಮನೆಯಲ್ಲೂ ಹೀಗೊಂದು ಹಳೇ ಡೆಸ್ಕ್‌ಟಾಪ್ ಇದ್ದರೆ ಕ್ಲಬ್ ರೂಮಿಗೆ ಬನ್ನಿ, ಸೇರಿ ಮಾಡೋಣ. ಬರುವಾಗ ಒಂದು ಪೆನ್‌ಡ್ರೈವ್ ತನ್ನಿ.