ಸುವರ್ಣಪೀಠವೂ ಎರವಿನ ಒಡವೆಯೂ

ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿರುವ ಅಸಾಂಟೆ ಜನಾಂಗಕ್ಕೆ ಒಂದು ಸುವರ್ಣಪೀಠವುಂಟು. ಓಕೊಂಫೊ ಅನೋಕ್ಯೆ ಎಂಬ ಪುರೋಹಿತನು ಅದನ್ನು ಗಗನದಿಂದ ಬರಮಾಡಿ ಓಸೈ ಟುಟು ಅರಸನ ಮಡಿಲಿಗಿಳಿಸಿದನೆಂಬುದು ಐತಿಹ್ಯ. ಸಮಸ್ತ ಜನಾಂಗದ ಆತ್ಮವೇ ಅದರಲ್ಲಿ ನೆಲಸಿದೆಯೆಂಬ ನಂಬಿಕೆಯಿಂದ ಅರಸನೂ ಅದರ ಮೇಲೆ ಕುಳಿತುಕೊಳ್ಳುವಂತಿಲ್ಲ.

ಅರಸ ಪ್ರೆಂಪೆಯನ್ನು ೧೮೯೬ರಲ್ಲಿ ಸೆರೆಹಿಡಿದೊಯ್ದ ಆಂಗ್ಲರಿಗೆ ಈ ಮರ್ಮವು ತಿಳಿಯಲಿಲ್ಲ. ೧೯೦೦ರಲ್ಲಿ ಗವರ್ನರ್ ಹಾಡ್ಜ್‌ಸನ್ನನು ಕುಮಾಸಿಯಲ್ಲಿ ನಾಯಕರ ಸಭೆಯನ್ನು ನೆರೆಯಿಸಿ, ತಾನು ಆಸೀನನಾಗಲು ಆ ಪೀಠವನ್ನೇಕೆ ತರಲಿಲ್ಲವೆಂದು ಕೇಳಿದನು. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೆ ನಿಂತಳು. ಆಕೆ ಸೆರೆಯಾಗಿ, ಸೇಶೆಲ್ಸ್ ದ್ವೀಪಗಳಲ್ಲಿ ೧೯೨೧ರಲ್ಲಿ ಮೃತಳಾದಳು. ರಾಜ್ಯವು ಆಂಗ್ಲರ ವಶವಾಯಿತು. ಪೀಠವು ಮಾತ್ರ ಅವರ ಕೈಸೇರಲಿಲ್ಲ.

ಆದರೆ ೧೮೭೪ರ ಯುದ್ಧದಲ್ಲಿ ಅರಮನೆಯಿಂದ ಕೊಳ್ಳೆಹೋದ ಸ್ವರ್ಣಾಭರಣಗಳಲ್ಲಿ ಹಲವು ಲಂಡನ್ನಿನ ವಸ್ತುಸಂಗ್ರಹಾಲಯಗಳನ್ನು ಸೇರಿದುವು. ಅಲ್ಲಿಯ ಸಂಗ್ರಹಗಳಿಂದ ೨೦೨೪ರಲ್ಲಿ ೩೨ ವಸ್ತುಗಳು ಕುಮಾಸಿಗೆ ಬಂದುವು, ಎರವಲಾಗಿ! ಕೊಳ್ಳೆಹೊಡೆದ ಒಡವೆಯನ್ನು ಒಡೆಯನಿಗೇ ಎರವಲು ಕೊಡುವುದು ಯಾವ ನ್ಯಾಯ? ಸಂಗ್ರಹಾಲಯದ ವಸ್ತುಗಳನ್ನು ಬಿಟ್ಟುಕೊಡಲು ಬ್ರಿಟಿಷ್ ಶಾಸನವು ಅಡ್ಡಿಯೆಂಬುದು ಅವರ ಉತ್ತರ. ಶಾಸನವು ಮನುಷ್ಯಕೃತವಾದುದು, ಪಾರ್ಲಿಮೆಂಟು ಮನಸ್ಸುಮಾಡಿದರೆ ಒಂದೇ ಅಧಿವೇಶನದಲ್ಲಿ ತಿದ್ದಬಹುದು. ಬಲದಿಂದ ಪಡೆದುದನ್ನು ನ್ಯಾಯದಿಂದ ಹಿಂದಿರುಗಿಸುವುದರಿಂದ ಯಾವ ರಾಷ್ಟ್ರದ ಗೌರವವೂ ಕುಂದದು.