ಎಡಗಾಲಿಗೆ ನಿವೃತ್ತಿ

ಮೋಟಾರು ನಡೆಸುವವನಿಗೆ ಎರಡು ಕೈ, ಎರಡು ಕಾಲು ಸಾಲವು ಎಂದು ಹಿಂದಿನವರು ತಮಾಷೆಗೆ ಹೇಳುತ್ತಿದ್ದುದುಂಟು. ಬಲಗಾಲಿಗೆ ಬ್ರೇಕು ಮತ್ತು ಆಕ್ಸಿಲರೇಟರು, ಎಡಗಾಲಿಗೆ ಕ್ಲಚ್ಚು, ಒಂದು ಕೈಗೆ ಸ್ಟೀರಿಂಗು, ಇನ್ನೊಂದಕ್ಕೆ ಗೇರು. ನಾಲ್ಕು ಅಂಗಗಳಿಗೂ ನಾಲ್ಕು ಕೆಲಸ. ಇವುಗಳಲ್ಲಿ ಎಡಗಾಲಿನ ಕೆಲಸವು ಅಮೆರಿಕದಲ್ಲಿ ಈಗ ಹೆಚ್ಚುಕಡಿಮೆ ಮುಗಿದೇಹೋಗಿದೆ. ಅಲ್ಲಿಯ ಕಾರುಗಳಲ್ಲಿ ಇದು ಬಹಳ ಹಿಂದೆಯೇ ಆದ ಮಾತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ರೈತನ ಹುಲ್ಲು, ಗಾರೆಯವನ ಇಟ್ಟಿಗೆ, ಬಡಗಿಯ ಮರಮುಟ್ಟು ಹೊರುವ ಪಿಕಪ್ ಗಾಡಿಯಿಂದಲೂ ಕ್ಲಚ್ಚು ಕಾಲ್ತೆಗೆದದ್ದು ಹೇಗೆ? ಅದು ವಿಚಾರ ಮಾಡಬೇಕಾದ ಸಂಗತಿ.

ಪಿಕಪ್ ಎಂದರೆ ಮುಂದೆ ಕಾರಿನಂತೆ ಕೂರುವ ಜಾಗ, ಹಿಂದೆ ಲಾರಿಯಂತೆ ತೆರೆದ ತೊಟ್ಟಿ. 1925ರಲ್ಲಿ ಫೋರ್ಡ್ ಕಂಪನಿಯು ತನ್ನ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲಿಯೇ ಇಂತಹ ತೊಟ್ಟಿಯನ್ನು ಜೋಡಿಸಿ ಮಾರತೊಡಗಿತು. ಅದೇ ಕಂಪನಿಯ ಎಫ್ ಸರಣಿಯ ಗಾಡಿಯು 1977ರಿಂದ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಪಿಕಪ್ ಎನಿಸಿಕೊಂಡು ಬಂದಿದೆ. ನಮ್ಮ ಹಳ್ಳಿಗಳಲ್ಲಿ ಎತ್ತಿನಗಾಡಿಗೆ ಯಾವ ಸ್ಥಾನವಿತ್ತೋ, ಅಲ್ಲಿಯ ಹಳ್ಳಿಗಳಲ್ಲಿ ಇದಕ್ಕೆ ಆ ಸ್ಥಾನ.

ಇನ್ನು ಗೇರಿನ ವಿಷಯ. ಎಂಜಿನ್ನು ಒಂದು ವಿಚಿತ್ರ ಸ್ವಭಾವದ ಯಂತ್ರ. ತಕ್ಕ ವೇಗದಲ್ಲಿ ತಿರುಗುತ್ತಿರುವಾಗ ಮಾತ್ರ ಅದಕ್ಕೆ ಬಲ. ನಿಧಾನವಾದರೆ ಉಸಿರುಕಟ್ಟಿ ನಿಂತುಬಿಡುತ್ತದೆ. ಹೊರೆ ಹೊತ್ತು ಹೊರಡುವಾಗ ಚಕ್ರವು ನಿಧಾನವಾಗಿ, ಬಲವಾಗಿ ತಿರುಗಬೇಕು. ಓಡುವಾಗ ವೇಗವಾಗಿ ತಿರುಗಿದರೆ ಸಾಕು. ಈ ಎರಡನ್ನೂ ಹೊಂದಿಸಿ ಕೊಡುವುದೇ ಗೇರ್ ಪೆಟ್ಟಿಗೆಯ ಕೆಲಸ. ಹಲ್ಲಿನ ಚಕ್ರಗಳನ್ನು ಬದಲಿಸುವಷ್ಟು ಹೊತ್ತು ಎಂಜಿನ್ನಿಗೂ ಪೆಟ್ಟಿಗೆಗೂ ಇರುವ ಸಂಬಂಧವನ್ನು ಬಿಡಿಸುವುದು ಕ್ಲಚ್ಚು.

ಮೊದಮೊದಲು ಈ ಕೆಲಸ ಸುಲಭವಾಗಿರಲಿಲ್ಲ. ಎರಡು ಚಕ್ರಗಳ ವೇಗ ಹೊಂದದಿದ್ದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಸದ್ದು. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರನು ಚಕ್ರಗಳು ಕೂಡುವ ಮೊದಲೇ ಅವುಗಳ ವೇಗವನ್ನು ಸಮಗೊಳಿಸುವ ಸಿಂಕ್ರೋಮೆಷ್ ಎಂಬ ಉಪಾಯವನ್ನು ಕಂಡುಹಿಡಿದನು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅನಂತರ ಕೈ-ಗೇರು ಸಾಮಾನ್ಯನ ಕೈಗೆಟುಕುವ ವಿದ್ಯೆಯಾಯಿತು. ಅಮೆರಿಕದ ಎಷ್ಟೋ ಪಿಕಪ್ಪುಗಳಲ್ಲಿ ಒಂದನೆಯ ಗೇರಿಗೂ ಕೆಳಗಿನದೆನ್ನುವಷ್ಟು ನಿಧಾನವಾದ ಒಂದು ಗೇರು ಇರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ‘ಅಜ್ಜಿ ಗೇರು’. ಅದರಲ್ಲಿ ಗಾಡಿಯು ಅಜ್ಜಿಯ ನಡಿಗೆಯಲ್ಲಿ ಹೊಲದೊಳಗೆ ತೆವಳುತ್ತಿದ್ದರೆ, ಆಳುಗಳು ಪಕ್ಕದಲ್ಲಿ ನಡೆಯುತ್ತ ಹುಲ್ಲಿನ ಹೊರೆಗಳನ್ನು ತೊಟ್ಟಿಗೆ ಎಸೆಯಬಹುದಾಗಿತ್ತು. ರೈತರ ಮಕ್ಕಳು ಚಾಲನೆಯ ಮೊದಲ ಪಾಠವನ್ನು ಕಲಿತದ್ದು ಇಂತಹ ಗಾಡಿಗಳಲ್ಲಿಯೇ.

ವಿನೋದವೆಂದರೆ, ಕೈ-ಗೇರನ್ನು ಸುಲಭ ಮಾಡಿಕೊಟ್ಟ ಅದೇ ಥಾಂಪ್ಸನ್ನನು ಅದನ್ನು ಅನಾವಶ್ಯಕವಾಗಿ ಮಾಡುವ ಕೆಲಸಕ್ಕೂ ಮುಂದಾಳಾದನು. ಅವನ ತಂಡವು ರೂಪಿಸಿದ ಹೈಡ್ರಾಮ್ಯಾಟಿಕ್ ಎಂಬ ತನ್ನಿಂದ ತಾನೇ ಬದಲಾಗುವ ಗೇರು 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಅದರ ಮರ್ಮವನ್ನು ಹೀಗೆ ತಿಳಿಯಬಹುದು: ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನು ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರಿನ ಕಡೆಯ ಚಕ್ರವನ್ನು ತಿರುಗಿಸುತ್ತದೆ. ಕ್ಲಚ್ಚು ತುಳಿಯುವ ಪ್ರಮೇಯವೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಎಂ-5 ಹಗುರ ಟ್ಯಾಂಕುಗಳಲ್ಲಿ ಈ ಪೆಟ್ಟಿಗೆಯನ್ನೇ ಜೋಡಿಸಿದ್ದರು. ಯುದ್ಧ ಮುಗಿದ ಮೇಲೆ, 1953ರಲ್ಲಿ ಫೋರ್ಡ್ ಪಿಕಪ್ಪಿಗೂ 1954ರಲ್ಲಿ ಷೆವರ್ಲೆ ಪಿಕಪ್ಪಿಗೂ ಬೇಕಾದವರಿಗೆ ಆಟೊಮ್ಯಾಟಿಕ್ ಗೇರು ದೊರೆಯುವಂತಾಯಿತು.

ಹಾಗಾದರೆ ಕೈ-ಗೇರು ಆಗಲೇ ಏಕೆ ಅಳಿಯಲಿಲ್ಲ? ದುಡಿಯುವವನಿಗೆ ಅದರಲ್ಲಿ ಮೂರು ಲಾಭಗಳಿದ್ದುವು. ಬೆಲೆ ಕಡಮೆ, ಪೆಟ್ರೋಲಿನ ಉಳಿತಾಯ, ಭಾರಕ್ಕೆ ಜಗ್ಗದ ಗಟ್ಟಿತನ. ಈ ಮೂರು ಕಂಬಗಳ ಮೇಲೆ ಅದು ಇನ್ನೂ ಐವತ್ತು ವರ್ಷ ನಿಂತಿತು. ಕಂಬಗಳು ಒಂದೊಂದಾಗಿ ಉರುಳಿದುದೇ ಅದರ ಅವನತಿಯ ಕಥೆ.

ಮೊದಲು ಉರುಳಿದ್ದು ಉಳಿತಾಯದ ಕಂಬ. ಎಣ್ಣೆಯ ಮೂಲಕ ಬಲ ಸಾಗಿಸುವಾಗ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ. ಜಾರಿದಷ್ಟೂ ಇಂಧನ ನಷ್ಟ. 1973ರ ತೈಲ ಮುಗ್ಗಟ್ಟಿನ ಅನಂತರ ಕಂಪನಿಗಳು ಎಚ್ಚೆತ್ತವು. ಓಟದ ವೇಗಕ್ಕೆ ಬಂದೊಡನೆ ಎಣ್ಣೆಯ ಎರಡು ಕಡೆಯ ಚಕ್ರಗಳನ್ನೂ ಬಿಗಿದು ಒಂದಾಗಿಸುವ ಏರ್ಪಾಡು ಆ ದಶಕದ ಕೊನೆಯಿಂದ ವ್ಯಾಪಕವಾಗಿ ಬಳಕೆಗೆ ಬಂತು. ಮೂರಿದ್ದ ಗೇರುಗಳು ನಾಲ್ಕಾದುವು, ಆರಾದುವು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎಂಬ ಎರಡು ಬದ್ಧ ಪ್ರತಿಸ್ಪರ್ಧಿಗಳು ಕೂಡಿ ನಿರ್ಮಿಸಿದ ಹತ್ತು ಗೇರುಗಳ ಪೆಟ್ಟಿಗೆಯು 2017ರ ಎಫ್-150ರಲ್ಲಿ ಬಂತು. ಹತ್ತು ಗೇರುಗಳನ್ನು ಕೈಯಿಂದ ಬದಲಿಸುತ್ತ ಕೂರುವ ತಾಳ್ಮೆ ಯಾರಿಗಿದೆ? ಕಂಪ್ಯೂಟರಿಗೆ ಬೇಸರವೆಂಬುದಿಲ್ಲ.

ಮುಂದೆ ಗಟ್ಟಿತನದ ಕಂಬ. ರ‍್ಯಾಮ್ ಎಂಬ ಹೆಸರಿನ ದೊಡ್ಡ ಪಿಕಪ್ಪಿನ 2018ರ ಲೆಕ್ಕವನ್ನು ನೋಡಿ. ಅದೇ ಕಮಿನ್ಸ್ ಡೀಸೆಲ್ ಎಂಜಿನ್ನು. ಕೈ-ಗೇರಿನ ಜೊತೆಯಲ್ಲಿ ಅದರ ತಿರುಚುಬಲ 660 ಪೌಂಡ್-ಅಡಿ, ಆಟೊಮ್ಯಾಟಿಕ್ ಜೊತೆಯಲ್ಲಿ 930ರವರೆಗೆ. ಅತಿ ಹೆಚ್ಚಿನ ಹೊರೆ ಎಳೆಯಬೇಕೆನ್ನುವವನು ಆಟೊಮ್ಯಾಟಿಕ್ಕನ್ನೇ ಕೊಳ್ಳಬೇಕಾಯಿತು. ಒಂದು ಕಾಲದಲ್ಲಿ ‘ಭಾರದ ಗಾಡಿಗೆ ಕೈ-ಗೇರೇ ಸರಿ’ ಎನ್ನುತ್ತಿದ್ದ ಮಾತು ತಲೆಕೆಳಗಾಯಿತು.

ಉಳಿದದ್ದು ಬೆಲೆ. ಆ ದೇಶದಲ್ಲಿ ಎಂಜಿನ್ನು ಮತ್ತು ಗೇರ್ ಪೆಟ್ಟಿಗೆಯ ಬೇರೆಬೇರೆ ಜೋಡಿಗಳನ್ನು ಹೊಗೆಯ ನಿಯಮಕ್ಕೆ ಒಪ್ಪಿಸಿ ತೋರಿಸಬೇಕಾಗುತ್ತದೆ. ಕೊಳ್ಳುವವರು ನಾಲ್ಕು ಜನವಾದರೂ ಆ ಖರ್ಚು ತಪ್ಪದು. ಮುಂದಿನ ಗಾಡಿ ನಿಂತರೆ ತಾನೂ ನಿಂತು, ಹೊರಟರೆ ತಾನೂ ಹೊರಡುವ ಹೊಸ ಸೌಕರ್ಯಗಳಿಗಂತೂ ಕ್ಲಚ್ಚಿನ ಮೇಲೆ ಮನುಷ್ಯನ ಕಾಲಿರುವುದೇ ಅಡ್ಡಿ.

ಹೀಗೆ ಒಬ್ಬೊಬ್ಬರಾಗಿ ಕೈಬಿಟ್ಟರು. ಎಫ್-150ರಲ್ಲಿ ಕೈ-ಗೇರು ಕೊನೆಯದಾಗಿ ಸಿಕ್ಕಿದ್ದು 2008ರ ಮಾದರಿಯಲ್ಲಿ. ಫೋರ್ಡಿನ ಭಾರಿ ಪಿಕಪ್ಪುಗಳಲ್ಲಿ 2010ಕ್ಕೆ ಮುಗಿಯಿತು. ಮೇಲೆ ಹೇಳಿದ ರ‍್ಯಾಮ್ 2018ರಲ್ಲಿ ಅದನ್ನು ನಿಲ್ಲಿಸಿತು. ಅಲ್ಲಿಗೆ ಅಮೆರಿಕದ ದೊಡ್ಡ ಪಿಕಪ್ಪುಗಳಲ್ಲಿ ಕ್ಲಚ್ಚಿನ ಕಾಲ ತೀರಿತು. ನಡುಗಾತ್ರದವುಗಳಲ್ಲಿ ನಿಸಾನ್ ಫ್ರಾಂಟಿಯರ್ 2020ರಲ್ಲಿ, ಜೀಪ್ ಗ್ಲೇಡಿಯೇಟರ್ 2025ರ ಮಾದರಿಯಲ್ಲಿ ಕೈಬಿಟ್ಟವು. ಟೊಯೋಟಾ ಟಕೋಮಾ ಮಾತ್ರ 2024ರಲ್ಲಿ ಹೊಸ ರೂಪ ತಳೆದು ಬಂದಾಗಲೂ ಆರು ಗೇರುಗಳ ಹಿಡಿಯನ್ನು ಉಳಿಸಿಕೊಂಡಿತು. ಅದರಲ್ಲಿಯೂ ಆಟೊಮ್ಯಾಟಿಕ್ಕಿಗೆ 278 ಅಶ್ವಶಕ್ತಿ, ಕೈ-ಗೇರಿಗೆ 270!

ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇದು ಪರಿಚಿತವಾದ ಕ್ರಮ. ಒಂದು ಹುದ್ದೆಯನ್ನು ಒಮ್ಮೆಗೇ ರದ್ದು ಮಾಡುವುದಿಲ್ಲ. ಇದ್ದವನು ನಿವೃತ್ತನಾದಾಗ ಜಾಗವನ್ನು ತುಂಬದೆ ಬಿಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ ‘ಇಷ್ಟು ಕಾಲ ಖಾಲಿಯಿದ್ದರೂ ಕೆಲಸ ನಡೆದಿದೆ, ಆದುದರಿಂದ ಹುದ್ದೆ ಬೇಡ’ ಎಂದು ಕಡತದಲ್ಲಿ ಬರೆಯುತ್ತಾರೆ. ಕೈ-ಗೇರಿಗೂ ಹಾಗೆಯೇ ಆಯಿತು. ಕೇಳುವವರು ಕಡಮೆಯೆಂದು ಅಂಗಡಿಯವನು ತರಿಸಲಿಲ್ಲ. ಅಂಗಡಿಯಲ್ಲಿಲ್ಲದ್ದನ್ನು ಕೊಳ್ಳುವವನು ಕೊಳ್ಳಲಿಲ್ಲ. ಮಾರಾಟವಿಲ್ಲವೆಂದು ಕಂಪನಿ ನಿಲ್ಲಿಸಿತು. ಪ್ರೀತಿಯಿಂದ ಬಯಸುವವರು ಕೊನೆಯವರೆಗೂ ಇದ್ದರು. ಆದರೆ ಬರಿಯ ಪ್ರೀತಿಯಿಂದ ಕಾರ್ಖಾನೆ ನಡೆಯುವುದಿಲ್ಲ.

ಹೋದದ್ದೇನು, ಬಂದದ್ದೇನು ಎಂಬುದನ್ನು ನ್ಯಾಯವಾಗಿ ತೂಗಬೇಕು. ಮೊಣಕಾಲು ನೋವಿನವರಿಗೆ, ಎಡಗಾಲು ಸ್ವಾಧೀನವಿಲ್ಲದವರಿಗೆ, ನಗರದ ವಾಹನಸಂದಣಿಯಲ್ಲಿ ಗಂಟೆಗಟ್ಟಲೆ ತೆವಳುವವರಿಗೆ ಆಟೊಮ್ಯಾಟಿಕ್ ಗೇರು ದೊಡ್ಡ ಉಪಕಾರಿ. ಮುಂಬಯಿಯಲ್ಲೋ ಪುಣೆಯಲ್ಲೋ ಸಂಜೆಯ ಹೊತ್ತು ಗಾಡಿ ನಡೆಸಿದ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಕೈ-ಗೇರಿನವನಿಗೆ ಗಾಡಿಯೊಡನೆ ಒಂದು ಬಗೆಯ ಮಾತುಕತೆಯಿತ್ತು. ಎಂಜಿನ್ನಿನ ಸದ್ದಿನಿಂದಲೇ ಬೆನ್ನ ಮೇಲಿನ ಹೊರೆ ಎಷ್ಟೆಂದು ತಿಳಿಯುತ್ತಿದ್ದನು. ಹತ್ತಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು ಎಂಬ ಘಾಟಿಯ ನಿಯಮವು ಅವನ ಕೈಯಲ್ಲಿಯೇ ಇತ್ತು. ಬ್ಯಾಟರಿ ಸತ್ತ ದಿನ ನಾಲ್ಕು ಜನರನ್ನು ಕರೆದು ತಳ್ಳಿಸಿ ಸ್ಟಾರ್ಟು ಮಾಡುತ್ತಿದ್ದನು. ಇಂದಿನ ಆಟೊಮ್ಯಾಟಿಕ್ಕನ್ನು ನಾಲ್ವತ್ತು ಜನ ತಳ್ಳಿದರೂ ಅದು ಏಳದು.

ಜಗತ್ತಿನ ಬೇರೆ ಭಾಗಗಳಲ್ಲಿ ಈ ಕಥೆ ಇನ್ನೂ ಮುಗಿದಿಲ್ಲ. ಇದರಲ್ಲಿ ನಮ್ಮ ನಾಡಿನ ಪಾಲೊಂದು ಇರುವುದು ಅನೇಕರಿಗೆ ತಿಳಿಯದು. 2004ರಲ್ಲಿ ಟೊಯೋಟಾ ಕಂಪನಿಯು ಹೈಲಕ್ಸ್ ಪಿಕಪ್ಪು, ಇನ್ನೋವಾ ಮೊದಲಾದುವನ್ನು ಅನೇಕ ದೇಶಗಳಲ್ಲಿ ಹೊಸದಾಗಿ ತಯಾರಿಸತೊಡಗಿದಾಗ ಕೆಲಸವನ್ನು ಹಂಚಿತು: ಡೀಸೆಲ್ ಎಂಜಿನ್ನು ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ನು ಇಂಡೋನೇಷ್ಯದಿಂದ, ಕೈ-ಗೇರಿನ ಪೆಟ್ಟಿಗೆ ಫಿಲಿಪ್ಪೀನ್ಸ್ ಮತ್ತು ಭಾರತದಿಂದ. ಭಾರತದ ಪೆಟ್ಟಿಗೆ ತಯಾರಾದದ್ದು ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ. ತಟ್ಟೆ ಇಡ್ಲಿಗೆ ಹೆಸರಾದ ಊರು ಪರದೇಶದ ಪಿಕಪ್ಪುಗಳಿಗೆ ಗೇರನ್ನೂ ಒದಗಿಸಿತು! ಅದೇ ಹೈಲಕ್ಸ್ 2022ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ಕೈ-ಗೇರು, ಆಟೊಮ್ಯಾಟಿಕ್ ಎರಡೂ ಜೊತೆಜೊತೆಯಾಗಿ ಬಂದುವು.

ತರಕಾರಿ, ಹಾಲು, ಸಿಮೆಂಟು ಸಾಗಿಸುವ ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಿನವು ಇಂದಿಗೂ ಕೈ-ಗೇರಿನವೇ. ಅಮೆರಿಕದಲ್ಲಿ ಉರುಳಿದ ಮೂರು ಕಂಬಗಳಲ್ಲಿ ಬೆಲೆಯ ಕಂಬವು ಇಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ 2014ರಲ್ಲಿ ಮಾರುತಿಯ ಸೆಲೇರಿಯೋದಂತಹ ಅಗ್ಗದ ಕಾರಿಗೂ ಕ್ಲಚ್ಚಿಲ್ಲದ ಗೇರು ಬಂದುದನ್ನು ನಾವು ಕಂಡಿದ್ದೇವೆ. ವಿದ್ಯುತ್ ಗಾಡಿಗಳಲ್ಲಂತೂ ಸಾಮಾನ್ಯವಾಗಿ ಬದಲಿಸಲು ಗೇರುಗಳೇ ಇರುವುದಿಲ್ಲ. ಇಂದು ಗಟ್ಟಿಯಾಗಿರುವ ಕಂಬ ನಾಳೆಯೂ ಹಾಗೆಯೇ ನಿಲ್ಲುತ್ತದೆಂದು ನಂಬುವಂತಿಲ್ಲ.

ಊರು ಬಿಟ್ಟು ಬಂದ ನಮ್ಮ ಎಷ್ಟೋ ಸಂಸಾರಗಳಲ್ಲಿ ಟ್ಯಾಕ್ಸಿ, ಟೆಂಪೊ, ಲಾರಿಗಳೇ ಅನ್ನ ಕೊಟ್ಟಿವೆ. ಆದುದರಿಂದ ಇದು ನಮಗೆ ಬರಿಯ ದೂರದೇಶದ ಸುದ್ದಿಯಲ್ಲ. ಯಂತ್ರ ಬದಲಾಗುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದು ಬೇಕಾಗಿಯೂ ಇಲ್ಲ. ಆದರೆ ಹದಿನೆಂಟು ತುಂಬಿದ ಮಗನೋ ಮಗಳೋ ಚಾಲನೆ ಕಲಿಯಲು ಹೊರಟಾಗ ಮೊದಲು ಕೈ-ಗೇರಿನ ಗಾಡಿಯಲ್ಲಿಯೇ ಕಲಿಯಲೆಂದು ನಾವು ಹೇಳುತ್ತೇವೆ. ಅದನ್ನು ಬಲ್ಲವರಿಗೆ ಆಟೊಮ್ಯಾಟಿಕ್ ಒಂದು ದಿನದ ಪಾಠ. ಆಟೊಮ್ಯಾಟಿಕ್ಕನ್ನು ಮಾತ್ರ ಬಲ್ಲವರು ಕೈ-ಗೇರಿನ ಮುಂದೆ ಮತ್ತೆ ಮೊದಲಿನಿಂದ ಕಲಿಯಬೇಕು. ಎರಡನ್ನೂ ಬಲ್ಲವರಿಗೆ ಯಾವ ಗಾಡಿ ಬಂದರೂ ಕೆಲಸ ತಪ್ಪದು.